‘ಅದೆಲ್ಲ ಗೊತ್ತುಂಟು ಮೇಡಂ’

(ಹೆಸರು, ಗುರುತಿನ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಪ್ರಸಾದ್ ಎಂದಿಟ್ಟುಕೊಳ್ಳಿ. ವಯಸ್ಸು 26. ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೋಡ್ ಬರೆಯುವ ಕೆಲಸ. ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದವರು, ಹತ್ತು ನಿಮಿಷದಲ್ಲಿ ಟೀಮ್ ಲೀಡ್ ವಿಷಯಕ್ಕೆ ಬಂದರು. ‘ಅವರಿಗೆ ನನ್ನ ಕಂಡರೆ ಆಗುವುದಿಲ್ಲ ಮೇಡಂ.’

ನಡೆದದ್ದು ಇಷ್ಟು. ಆರ್ಡರ್‌ಗಳ ಪಟ್ಟಿ ತೋರಿಸುವ ಪುಟಕ್ಕೆ ಎಐ ಬರೆದುಕೊಟ್ಟ ಕೋಡನ್ನು ಇವರು ಹಾಗೇ ಹಾಕಿದ್ದರು. ತಮ್ಮ ಲ್ಯಾಪ್‌ಟಾಪ್‌ನಲ್ಲಿ 20 ಆರ್ಡರ್ ಇಟ್ಟು ನೋಡಿದಾಗ ಸರಾಗ ಓಡಿತು. ಗಿರಾಕಿಗಳ ಕೈಗೆ ಹೋದ ದಿನ ಪುಟ ತೆರೆಯಲೇ ಇಲ್ಲ. ಮೀಟಿಂಗಲ್ಲಿ ಲೀಡ್ ಕೇಳಿದ್ದು ಒಂದೇ: ‘ಈ ಲೂಪ್ ಒಳಗೆ ಏನಾಗ್ತಿದೆ, ಹೇಳಿ.’ (ಲೂಪ್ ಎಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡಿನ ಭಾಗ.) ಹೇಳಲು ಆಗಲಿಲ್ಲ. ಅದಕ್ಕೂ ಮೊದಲು ಎರಡು ಸಲ ‘ಅದೆಲ್ಲ ಗೊತ್ತುಂಟು’ ಎಂದಿದ್ದರಂತೆ.

ನನಗೆ ಕೋಡ್ ಬರುವುದಿಲ್ಲ. ಇಲ್ಲಿ ಅದೇ ಅನುಕೂಲವಾಯಿತು. ನನಗೆ ತಿಳಿಯುವ ಹಾಗೆ ಹೇಳಿ ಎಂದೆ. ಮೂರನೇ ವಾಕ್ಯಕ್ಕೆ ನಿಂತರು. ಮಾತು ಬದಲಿಸಿ, ಅಡಿಕೆಯ ಕೊಳೆರೋಗಕ್ಕೆ ಮದ್ದು ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಕುರ್ಚಿಯಲ್ಲಿ ಮುಂದೆ ಸರಿದು ಕುಳಿತರು. 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ನೀರನ್ನೇ ಸುಣ್ಣದ ನೀರಿಗೆ ಹೊಯ್ಯಬೇಕು, ಹಿಂದುಮುಂದಾಗಬಾರದು. ಆಮೇಲೆ ಅಪ್ಪ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹಿಡಿದರೆ ತಾಮ್ರ ಜಾಸ್ತಿ, ಇನ್ನಷ್ಟು ಸುಣ್ಣ ಬೇಕು. ಯಾಕೆ ಎಂದಾಗಲೆಲ್ಲ ಉತ್ತರ ಸಿಕ್ಕಿತು.

‘ಆ ಲೂಪ್ ಇಷ್ಟು ಗೊತ್ತುಂಟಾ?’ ಎಂದೆ. ಸುಮ್ಮನಾದರು.

ಇದು ಇವರೊಬ್ಬರ ಕಥೆ ಅಲ್ಲ. 2002ರಲ್ಲಿ ರೋಜೆನ್‌ಬ್ಲಿಟ್ ಮತ್ತು ಕೈಲ್ ಎಂಬ ಸಂಶೋಧಕರು ಜಿಪ್, ಬೀಗ, ಫ್ಲಶ್‌ನಂಥವು ಹೇಗೆ ಕೆಲಸ ಮಾಡುತ್ತವೆ ಎನ್ನುವುದು ನಿಮಗೆಷ್ಟು ಗೊತ್ತು ಎಂದು ಜನರಿಂದಲೇ ಅಂಕ ಹಾಕಿಸಿದ್ದರು. ವಿವರಿಸಿ ಎಂದ ಮೇಲೆ ಜನ ತಮ್ಮ ಅಂಕ ತಾವೇ ಇಳಿಸಿಕೊಂಡರು. ನಾನೂ ಜಿಪ್‌ನಲ್ಲಿ ಫೇಲ್ ಆಗುವವಳೇ.

ಸಲಹೆ ದೊಡ್ಡದೇನಲ್ಲ. ಎಐ ಕೊಟ್ಟ ಕೋಡ್ ಹಾಕುವ ಮೊದಲು, ಅದು ಮಾಡುವ ಕೆಲಸವನ್ನು ಅಮ್ಮನಿಗೆ ಹೇಳುವ ಹಾಗೆ ಕಾಗದದಲ್ಲಿ ಕನ್ನಡದಲ್ಲಿ ಬರೆಯಿರಿ. ಪೆನ್ನು ನಿಂತ ಕಡೆ ಗೆರೆ ಎಳೆಯಿರಿ, ಅವತ್ತು ಓದಬೇಕಾದದ್ದು ಅದು. ಇನ್ನೊಂದು, ಮೀಟಿಂಗಲ್ಲಿ ‘ಗೊತ್ತುಂಟು’ ಬದಲು ‘ನೋಡಿ ನಾಳೆ ಹೇಳ್ತೇನೆ’ ಅನ್ನಿ. ಇದಕ್ಕೇ ಅವರು ಜಾಸ್ತಿ ಹೆದರಿದ್ದು. ಕೆಲಸ ಹೋದರೆ? ಒಂದೇ ಒಂದು ಸಲ ಹೇಳಿ ನೋಡಿ ಎಂದೆ.

ಎರಡು ವಾರ ಬಿಟ್ಟು ಮಡಚಿದ ಕಾಗದ ತಂದರು. ‘ಹತ್ತು ಸಾಮಾನಿಗೆ ಹತ್ತು ಸಲ ಪೇಟೆಗೆ ಹೋದ ಹಾಗೆ ಮೇಡಂ. ಒಂದೊಂದು ಆರ್ಡರಿಗೂ ಡೇಟಾಬೇಸಿಗೆ ಹೋಗಿ ಬರ್ತಿತ್ತು. ಚೀಟಿ ಬರೆದು ಒಟ್ಟಿಗೇ ತರಬೇಕಿತ್ತು.’

ನನಗೂ ತಿಳಿಯಿತು. ಮೀಟಿಂಗಲ್ಲಿ ‘ನಾಳೆ ಹೇಳ್ತೇನೆ’ ಎಂದಾಗ ಲೀಡ್ ‘ಸರಿ’ ಎಂದು ಮುಂದಿನವರನ್ನು ಕರೆದರಂತೆ, ಅಷ್ಟೇ. ಲೀಡ್ ಮೇಲೆ ಇವರಿಗಿದ್ದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಮುಂದಿನ ಭೇಟಿ ತೋಟಕ್ಕೆ ಮದ್ದು ಬಿಟ್ಟು ಮುಗಿದ ಮೇಲೆ.