ಭಾನುವಾರಕ್ಕೆ ಉಳಿಯುವ ಓದು

ಪ್ರಶ್ನೆ: ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ವಾರಕ್ಕೆ 20 ಗಂಟೆ ಓದಬೇಕೆಂದು ಗುರಿ ಇಟ್ಟುಕೊಂಡಿದ್ದರೂ, ರಾತ್ರಿ ಮೊಬೈಲ್ ಹಿಡಿದರೆ ಹನ್ನೊಂದಾಗಿರುತ್ತದೆ. ಉಳಿದದ್ದೆಲ್ಲ ಭಾನುವಾರದ ಮೇಲೆ ಬೀಳುತ್ತದೆ. ನನಗೆ ಮನೋಬಲವೇ ಇಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ದಿನವಿಡೀ ದುಡಿದು ಬಂದು ಪುಸ್ತಕ ತೆರೆಯುವವರಿಗೆ ಆ ಮಾತು ಸಲ್ಲದು. ತೊಡಕಿರುವುದು ನಿಮ್ಮ ಗುರಿಯ ಅಳತೆಯಲ್ಲಿ. ಪರೀಕ್ಷೆಯ ಫಲ ದೂರದಲ್ಲಿದೆ, ಮೊಬೈಲಿನ ಸುಖ ಕೈಯಲ್ಲೇ ಇದೆ. ಕೈಗೆಟಕಿದ್ದಕ್ಕೆ ಮನಸ್ಸು ಹೆಚ್ಚು ಬೆಲೆ ಕಟ್ಟುವುದರಿಂದ ಬೆಳಗಿನ ಸಂಕಲ್ಪ ರಾತ್ರಿ ಕರಗುತ್ತದೆ.

ಗುರಿ ಇಲ್ಲಿ ನೆರವಾಗುವ ಬಗೆ ಕುತೂಹಲಕರವಾದದ್ದು. ಲಾಭದ ಸಂತೋಷಕ್ಕಿಂತ ಅಷ್ಟೇ ನಷ್ಟದ ನೋವು ದೊಡ್ಡದೆಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ತೋರಿಸಿದರು. ಒಂದೂವರೆ ಗಂಟೆ ಓದುತ್ತೇನೆಂದು ನಿಗದಿ ಮಾಡಿಕೊಂಡವರು ಒಂದು ಗಂಟೆಗೇ ಎದ್ದರೆ, ಓದಿದ ಒಂದು ಗಂಟೆಯ ಸಮಾಧಾನಕ್ಕಿಂತ ಬಿಟ್ಟ ಅರ್ಧ ಗಂಟೆಯೇ ಹೆಚ್ಚು ಚುಚ್ಚುತ್ತದೆ. ಆ ಅಳುಕೇ ನಿಮ್ಮನ್ನು ಕುರ್ಚಿಯಲ್ಲಿ ಕೂರಿಸುವುದು. ವಾರದ ಗುರಿಯಲ್ಲಾದರೋ ಅದು ಭಾನುವಾರದವರೆಗೆ ಹತ್ತಿರ ಸುಳಿಯುವುದಿಲ್ಲ. ಸೋಮವಾರ ತಪ್ಪಿದ್ದನ್ನು ಮಂಗಳವಾರ ತುಂಬಿಕೊಳ್ಳುವ ನೆಪ ಸದಾ ಸಿದ್ಧವಿರುತ್ತದೆ. ಆದ್ದರಿಂದ ಗುರಿಯನ್ನು ದಿನಕ್ಕೆ ಇಳಿಸಿ, ದಣಿದ ದಿನವೂ ಮುಟ್ಟಬಹುದಾದಷ್ಟೇ ಇಡಿ. ಎಟುಕದ ಗುರಿಯನ್ನು ಮನಸ್ಸು ಎರಡೇ ದಿನದಲ್ಲಿ ಕೈಬಿಡುತ್ತದೆ.

ದಿನದ ಗುರಿಗೂ ಒಂದು ದೋಷವುಂಟು. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಬಗ್ಗೆ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದಿನದ ಗಳಿಕೆಗೆ ಗುರಿ ಇಟ್ಟುಕೊಂಡಂತೆ ದುಡಿಯುತ್ತಿದ್ದ ಚಾಲಕರು ಬಾಡಿಗೆ ಚೆನ್ನಾಗಿ ಸಿಗುವ ದಿನವೇ ಬೇಗ ಮನೆಗೆ ಹೋಗುತ್ತಿದ್ದರು. ಈ ತೀರ್ಮಾನವನ್ನು ಮುಂದೆ ಅರ್ಥಶಾಸ್ತ್ರಜ್ಞ ಹೆನ್ರಿ ಫಾರ್ಬರ್ ಪ್ರಶ್ನಿಸಿದರೂ ಅದರೊಳಗಿನ ಎಚ್ಚರಿಕೆ ನಿಮಗೆ ಬೇಕಾದದ್ದೇ: ಓದು ಹಿಡಿದ ರಾತ್ರಿ, ಗುರಿ ಮುಟ್ಟಿತೆಂದು ಪುಸ್ತಕ ಮುಚ್ಚಬೇಡಿ.

ಇನ್ನು ಆಚರಣೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಅವರ ಸಂಶೋಧನೆಯಂತೆ, ಬರೀ 'ಓದುತ್ತೇನೆ' ಎನ್ನುವುದಕ್ಕಿಂತ 'ಇಂಥದ್ದಾದ ಕೂಡಲೇ ಇಂಥದ್ದನ್ನು ಮಾಡುತ್ತೇನೆ' ಎಂದು ಗೊತ್ತುಮಾಡಿಕೊಂಡ ಸಂಕಲ್ಪ ಹೆಚ್ಚು ನಡೆಯುತ್ತದೆ. ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ಕೋಣೆಗೆ ಬಂದು ಕುಳಿತುಕೊಳ್ಳಿ. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ, ಗುರಿ ಮುಟ್ಟಿದ ದಿನದ ಮೇಲೆ ಪೆನ್ನಿನಿಂದ ಗುರುತು ಹಾಕಿ. ತಪ್ಪಿದ ದಿನ ಖಾಲಿಯೇ ಉಳಿಯಲಿ. ಅದರ ಬಾಕಿಯನ್ನು ಮಾತ್ರ ಮರುದಿನದ ಲೆಕ್ಕಕ್ಕೆ ಸೇರಿಸಬೇಡಿ.