ಓದುಗರ ಪ್ರಶ್ನೆ: ಇಂಟರ್ನ್ ಆಗಿ ಹೋದ ಹುಡುಗಿ ಅಧ್ಯಕ್ಷೆ ಆಗಬಹುದಾ?

ಪ್ರಶ್ನೆ: ಮಗಳು ಬಿ.ಕಾಂ. ಮುಗಿಸಿದ್ದಾಳೆ. ನಗರಸಭೆಯಲ್ಲಿ ಇಂಟರ್ನ್ ಆಗಿ ಸೇರ್ತೀನಿ, ಮುಂದೆ ಚುನಾವಣೆಗೂ ನಿಲ್ತೀನಿ ಅಂತಿದ್ದಾಳೆ. ಬಾಸ್ಟನ್ ಮೇಯರ್ ಹೀಗೇ ಮೇಲೆ ಬಂದದ್ದಂತೆ. ನಮ್ಮ ಮನೆಯಲ್ಲಿ ರಾಜಕೀಯದವರು ಯಾರೂ ಇಲ್ಲ. ಕಾರವಾರದಲ್ಲಿ ಇದೆಲ್ಲ ಆಗುವ ಮಾತಾ?
– ಒಬ್ಬ ತಾಯಿ, ಕೋಡಿಬಾಗ

ಉತ್ತರ: ಆಗುವ ಮಾತೇ ಅಮ್ಮ, ಆದರೆ ದಾರಿ ಬೇರೆ. ಮಗಳು ಹೇಳುತ್ತಿರುವುದು ಮಿಶೆಲ್ ವೂ ಬಗ್ಗೆ. ತೈವಾನಿನಿಂದ ಅಮೆರಿಕಕ್ಕೆ ಬಂದವರ ಮಗಳು. ತಾಯಿಗೆ ಹುಷಾರಿಲ್ಲದಾಗ ಷಿಕಾಗೊದಲ್ಲಿ ಒಂದು ಟೀ ಅಂಗಡಿ ನಡೆಸಿದರು, ಲೈಸೆನ್ಸಿಗೆ ಅಲೆಯುವುದು ಅಂದರೆ ಏನು ಅಂತ ಅಲ್ಲೇ ಗೊತ್ತಾಯಿತು. ಆಮೇಲೆ ಕಾನೂನು ಓದುವಾಗ ಬಾಸ್ಟನ್ ಮೇಯರ್ ಕಚೇರಿಗೆ ಕಲಿಯಲು ಹೋದವರು ಕೈ ಹಾಕಿದ್ದೂ ಹೋಟೆಲ್ ಲೈಸೆನ್ಸಿನ ಗೋಜಲಿಗೇ. 2013ರಲ್ಲಿ ಕೌನ್ಸಿಲರ್, 2016ರಲ್ಲಿ ಕೌನ್ಸಿಲ್ ಅಧ್ಯಕ್ಷೆ, 2021ರಲ್ಲಿ ಮೇಯರ್. ಅಲ್ಲಿ ಮೇಯರ್‌ಗೆ ಜನರೇ ನೇರವಾಗಿ ವೋಟು ಹಾಕುತ್ತಾರೆ.

ನಮ್ಮಲ್ಲಿ ಹಾಗಿಲ್ಲ. ಕಾರವಾರದಲ್ಲಿ 31 ವಾರ್ಡ್. ಜನ ಆರಿಸುವುದು ತಮ್ಮ ವಾರ್ಡಿನ ಸದಸ್ಯರನ್ನು ಮಾತ್ರ, ಅಧ್ಯಕ್ಷರನ್ನು ಆ ಸದಸ್ಯರು ಆರಿಸುತ್ತಾರೆ, ಜೊತೆಗೆ ಶಾಸಕರು ಮತ್ತು ಸಂಸದರ ವೋಟೂ ಉಂಟು. ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಮೀಸಲು ಅಂತ ಸರ್ಕಾರ ಹೇಳುತ್ತದೆ, ಅವಧಿ 30 ತಿಂಗಳು. ಎಷ್ಟೇ ಚುರುಕಾಗಿದ್ದರೂ ಮೀಸಲಾತಿ ಪಟ್ಟಿ ಒಪ್ಪದಿದ್ದರೆ ಆ ಸಲ ಕುರ್ಚಿ ಇಲ್ಲ. 2018ರಲ್ಲಿ ಏನಾಯಿತು ನೆನಪಿದೆಯಲ್ವಾ? ಚುನಾವಣೆ ಮುಗಿಯಿತು, ಕಾರವಾರದಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ, ಮೇಲಿಂದ ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರು ಕೋರ್ಟಿಗೆ ಹೋಗಿ, ಗೆದ್ದವರು ಎರಡು ವರ್ಷ ಸುಮ್ನೆ ಕಾದರು. ಈ ಕಾಯುವಿಕೆಗೆ ಮಗಳು ತಯಾರಿದ್ದಾಳಾ ಅಂತ ಮೊದಲು ಕೇಳಿ.

ಅವಳ ಪರವಾಗಿಯೂ ಕೆಲವು ವಿಷಯ ಇವೆ. ವಯಸ್ಸು 21 ಆಗಿದ್ದರೆ ಸಾಕು. ನಗರದ ಮತದಾರರ ಪಟ್ಟಿಯಲ್ಲಿ ಹೆಸರು ಬೇಕು. ಸುಮಾರು ಅರ್ಧ ವಾರ್ಡ್ ಮಹಿಳೆಯರಿಗೇ ಮೀಸಲು. ತಿರುವನಂತಪುರದಲ್ಲಿ ಆರ್ಯಾ ರಾಜೇಂದ್ರನ್ 2020ರಲ್ಲಿ ಮೇಯರ್ ಆದಾಗ ವಯಸ್ಸು 21, ಇನ್ನೂ ಡಿಗ್ರಿ ಓದುತ್ತಿದ್ದರು. ಅಲ್ಲೂ ಮೇಯರನ್ನು ಆರಿಸುವುದು ಕೌನ್ಸಿಲರ್‌ಗಳೇ, ಹಾಗಾಗಿ ನಮಗೆ ಬಾಸ್ಟನ್‌ಗಿಂತ ಅದೇ ಹತ್ತಿರ. ಆದರೆ ಅವರು ವಿದ್ಯಾರ್ಥಿ ಸಂಘಟನೆಯಲ್ಲಿ ಬೆಳೆದವರು, ಬೆನ್ನಿಗೆ ಪಕ್ಷ ಇತ್ತು.

ಇಂಟರ್ನ್ ಆಗಲಿ ಬಿಡಿ. ಡಿಗ್ರಿ ಮುಗಿಸಿದವರು ನಗರಾಡಳಿತ ಸಂಸ್ಥೆಗಳಲ್ಲಿ ಕಲಿಯಲಿ ಅಂತಲೇ ಕೇಂದ್ರ ಸರ್ಕಾರ 2020ರಲ್ಲಿ ಟುಲಿಪ್ ಅನ್ನುವ ಯೋಜನೆ ತಂದಿದೆ, ವಿಚಾರಿಸಿ. ಹೋದವಳು ಕಂಪ್ಯೂಟರ್ ಮುಂದೆ ಕೂತು ಎಕ್ಸೆಲ್ ತುಂಬಿ ಬಂದರೆ ಉಪಯೋಗ ಇಲ್ಲ. ಖಾತಾ ಬದಲಾವಣೆ ಅರ್ಜಿ ಯಾವ ಟೇಬಲ್ಲಿನಲ್ಲಿ ನಿಲ್ಲುತ್ತದೆ, ಟ್ರೇಡ್ ಲೈಸೆನ್ಸಿಗೆ ಬಂದವರನ್ನು ಎಷ್ಟು ಸಲ ವಾಪಸ್ ಕಳಿಸುತ್ತಾರೆ, ಸಭೆಯಲ್ಲಿ ಠರಾವು ಆದ ಮೇಲೂ ಗಟಾರದ ಕೆಲಸ ಯಾಕೆ ಶುರು ಆಗುವುದಿಲ್ಲ, ಟೆಂಡರ್ ಅಂದರೆ ಏನು, ಇದನ್ನು ನೋಡಿಕೊಂಡು ಬರಲಿ. ಗೆದ್ದ ಮೇಲೂ ಇದು ಗೊತ್ತಿಲ್ಲದ ಸದಸ್ಯರು ಜಾಸ್ತಿ (ಯಾವ ಊರು ಅಂತ ಕೇಳಬೇಡಿ). ಗೊತ್ತಿಲ್ಲದಿದ್ದರೆ ಅಧಿಕಾರಿ ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಾಗುತ್ತದೆ.

ಒಂದು ಎಚ್ಚರಿಕೆ. ನಗರಸಭೆಯ ಸಂಬಳದ ಹುದ್ದೆಯಲ್ಲಿ ಇದ್ದುಕೊಂಡು ಅದೇ ನಗರಸಭೆಗೆ ಸ್ಪರ್ಧಿಸುವ ಹಾಗಿಲ್ಲ. ಅಲ್ಲೇ ಕೆಲಸ ಕೊಟ್ಟರೆ ಯಾವುದು ಬೇಕು ಅಂತ ಅವಳೇ ತೀರ್ಮಾನ ಮಾಡಬೇಕು.

ಪ್ರಶ್ನೆ: ಕಾರವಾರ, ಶಿರಸಿಗೆ ಮೇಯರ್ ಯಾಕಿಲ್ಲ?
– ಕಾಲೇಜು ವಿದ್ಯಾರ್ಥಿ, ಕುಮಟಾ

ಉತ್ತರ: ಮೇಯರ್ ಇರುವುದು ಮಹಾನಗರ ಪಾಲಿಕೆಗೆ. ನಮ್ಮ ಜಿಲ್ಲೆಯಲ್ಲಿ ಪಾಲಿಕೆಯೇ ಇಲ್ಲವಲ್ಲ.

ಪ್ರಶ್ನೆ: ವರ್ಷಗಟ್ಟಲೆ ಪಕ್ಷದ ಬ್ಯಾನರ್ ಕಟ್ಟಿದ್ದೇನೆ. ಇಂಟರ್ನ್ ಹುಡುಗರಿಗೆ ಟಿಕೆಟ್ ಕೊಟ್ಟರೆ ನಮ್ಮಂಥವರ ಗತಿ?
– ಹೆಸರು ಬೇಡ, ಶಿರಸಿ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ ಮಾರಾಯ್ರೇ. ಆದರೆ ಬ್ಯಾನರ್ ನೋಡಿ ಯಾರೂ ವೋಟು ಹಾಕುವುದಿಲ್ಲ. ನಿಮ್ಮ ವಾರ್ಡಿನಲ್ಲಿ ನಲ್ಲಿಗೆ ನೀರು ಬರದಿದ್ದರೆ ಜನ ಯಾರಿಗೆ ಫೋನ್ ಮಾಡುತ್ತಾರೆ? ನಿಮಗೇ ಅಂತಾದರೆ ಟಿಕೆಟ್ ಧೈರ್ಯವಾಗಿ ಕೇಳಿ, ಕೊಡದಿದ್ದರೆ ಪಕ್ಷೇತರರಾಗಿ ನಿಲ್ಲಿ. 31 ವಾರ್ಡಿನ ಊರಿನಲ್ಲಿ ಕೆಲವೇ ನೂರು ವೋಟು ಆಚೀಚೆ ಆದರೆ ಫಲಿತಾಂಶ ತಿರುಗುತ್ತದೆ.