ಓದುಗರ ಪ್ರಶ್ನೆ: ಲಾಗ್ ಫೈಲ್ ಖಾಲಿ, ಡಿಸ್ಕ್ ಮಾತ್ರ ಫುಲ್

ಪ್ರಶ್ನೆ: ಸರ್, ಕೋಲಾರ ಎಪಿಎಂಸಿಲಿ ಟೊಮೇಟೊ ಮಂಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡ್ಕೊಳ್ತೀನಿ, ಉಬುಂಟು ಸರ್ವರ್. ಪ್ರೋಗ್ರಾಮ್ ಬರೆಯೋ ದಾಖಲೆ ಅಂದ್ರೆ ಲಾಗ್ ಫೈಲನ್ನ ಎತ್ತಿಟ್ಟು ಹೊಸದು ಶುರು ಮಾಡೋ ಲಾಗ್‌ರೊಟೇಟ್ ಹಾಕಿದ ಮೇಲೆ ದಿನಾ ಹೊಸ ಮಂಡಿ.ಲಾಗ್ ಬರತ್ತೆ, ಆದ್ರೆ ಅದು ಸೊನ್ನೆ ಬೈಟ್, ಹಿಂದಿನ ಫೈಲ್ ಒಂದೇ ಬೆಳೀತಾ ಹೋಗತ್ತೆ. ಜಾಗ ಇಲ್ಲ ಅಂತ ಅದನ್ನ ಡಿಲೀಟ್ ಮಾಡಿದ್ರೂ ಡಿಸ್ಕ್ ಒಂಚೂರೂ ಖಾಲಿ ಆಗ್ಲಿಲ್ಲ. ಹೆಸರುಗಳಂತೂ ಮಂಡಿ.ಲಾಗ್.1.1.1 ಅಂತೆಲ್ಲ ಬರ್ತಿವೆ, ರೈತರು ಬಾಕ್ಸ್ ಲೆಕ್ಕ ಕೇಳ್ಕೊಂಡು ಬಂದ್ರೆ ಯಾವ ಫೈಲ್ ತೆಗೀಬೇಕೋ ಗೊತ್ತಾಗಲ್ಲ.
— ಓದುಗರೊಬ್ಬರು, ಕೋಲಾರ

ಉತ್ತರ: ಮೊದಲು ಆ ಖಾಲಿ ಫೈಲಿನ ವಿಷ್ಯ, ಡಿಸ್ಕ್ ತುಂಬಿರೋದಕ್ಕೂ ಅದೇ ಕಾರಣ. ಲಿನಕ್ಸಲ್ಲಿ ಪ್ರೋಗ್ರಾಮ್ ಒಂದ್ಸಲ ಫೈಲ್ ಓಪನ್ ಮಾಡಿದ್ಮೇಲೆ ಹೆಸರು ನೋಡಲ್ಲ, ಇನೋಡ್ ಅಂತಾರಲ್ಲ, ಡಿಸ್ಕಲ್ಲಿ ಫೈಲಿಗಿರೋ ಒಳಗಿನ ಗುರುತು, ಅದನ್ನ ಹಿಡ್ಕೊಂಡೇ ಬರೀತಿರತ್ತೆ. ಗುಮಾಸ್ತ ಬರೀತಿರೋ ಪುಸ್ತಕದ ಮೇಲಿನ ಚೀಟಿ ನೀವು ಬದಲಾಯಿಸಿ ಪಕ್ಕದಲ್ಲಿ ಹೊಸ ಪುಸ್ತಕ ಇಟ್ರೆ, ಅವನಿಗೆ ಹೇಳದೇ ಇದ್ರೆ ಹಳೇದ್ರಲ್ಲೇ ಬರೀತಾ ಹೋಗ್ತಾನೆ ನೋಡಿ, ಹಂಗೇ ಇದು. ಡಿಲೀಟ್ ಮಾಡಿದಾಗ ಹೋಗಿದ್ದೂ ಹೆಸರು ಮಾತ್ರ, ಪ್ರೋಗ್ರಾಮ್ ಬಿಡೋವರೆಗೂ ಜಾಗ ವಾಪಸ್ ಬರಲ್ಲ, ಅದಕ್ಕೇ ಡಿಸ್ಕಲ್ಲಿ ಒಟ್ಟು ತುಂಬಿರೋ ಜಾಗ ತೋರಿಸೋ ಡಿಎಫ್ ಕಮಾಂಡ್ ಒಂದು ಲೆಕ್ಕ ಹೇಳತ್ತೆ, ಹೆಸರಿರೋ ಫೈಲ್‌ಗಳನ್ನ ಮಾತ್ರ ಕೂಡಿಸೋ ಡಿಯು ಇನ್ನೊಂದು. ಎಲ್‌ಎಸ್‌ಓಎಫ್ ಕಮಾಂಡಿಗೆ ಪ್ಲಸ್ ಎಲ್ 1 ಹಾಕಿ ರನ್ ಮಾಡಿ, ಅಳಿಸಿದ್ರೂ ಯಾರೋ ಹಿಡ್ಕೊಂಡಿರೋ ಫೈಲ್‌ಗಳು ಕಾಣ್ತವೆ. ಆದ್ರೆ ಅಪ್ಲಿಕೇಶನ್ ರೀಸ್ಟಾರ್ಟ್ ಮಾಡೋಕೆ ಮುಂಚೆ ನಿಲ್ಲಿ, ಅಳಿಸಿದ ಫೈಲಲ್ಲಿ ರೈತರ ಲೆಕ್ಕ ಇದೆ ಅಲ್ವಾ, ಪ್ರೋಗ್ರಾಮ್ ಇನ್ನೂ ಓಡ್ತಿದ್ರೆ ಪ್ರೊಕ್ ಅನ್ನೋ ಸಿಸ್ಟಮ್ ಫೋಲ್ಡರ್ ಕೆಳಗೆ ಆ ಪ್ರೊಸೆಸ್ ನಂಬರಿನ ಎಫ್‌ಡಿ ಫೋಲ್ಡರಿಂದ ಅದನ್ನ ಬೇರೆ ಡಿಸ್ಕಿಗೆ ಕಾಪಿ ಮಾಡ್ಕೋಬಹುದು. ಆಮೇಲೆ ರೀಸ್ಟಾರ್ಟ್ ಕೊಡಿ, ಜಾಗ ಬಿಡತ್ತೆ.

ಪರ್ಮನೆಂಟ್ ಪರಿಹಾರ ಅಂದ್ರೆ ಲಾಗ್‌ರೊಟೇಟ್ ಕಾನ್ಫಿಗ್‌ನ ಪೋಸ್ಟ್‌ರೊಟೇಟ್ ಭಾಗದಲ್ಲಿ ಪ್ರೋಗ್ರಾಮಿಗೆ ಸಿಗ್ನಲ್ ಕಳಿಸಿ ಲಾಗ್ ಮತ್ತೆ ಓಪನ್ ಮಾಡಿಸೋದು. ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಯುಎಸ್‌ಆರ್1 ಸಿಗ್ನಲ್ಲಿಗೆ ಹಂಗೇ ಮಾಡತ್ತೆ, ನಿಮ್ಮದ್ರಲ್ಲಿ ಆ ಸೌಲಭ್ಯ ಇಲ್ಲಾಂದ್ರೆ ಬರೆದವರ ಹತ್ರ ಸೇರಿಸ್ಕೊಳ್ಳಿ. ಕಾಪಿಟ್ರಂಕೇಟ್ ಆಪ್ಶನ್ ಹಾಕ್ಬಿಡಿ ಅಂತ ತುಂಬ ಜನ ಹೇಳ್ತಾರೆ. ಅದು ಫೈಲನ್ನ ಕಾಪಿ ಮಾಡಿ ಆಮೇಲೆ ಮೂಲದ್ದನ್ನ ಸೊನ್ನೆ ಮಾಡತ್ತೆ, ಎರಡರ ಮಧ್ಯೆ ಬಂದ ಸಾಲು ಕಳೆದುಹೋಗಬಹುದು. ಸೀಸನ್ನಲ್ಲಿ ರಾತ್ರಿಯೆಲ್ಲ ಲೋಡ್ ಇಳೀತಿರತ್ತೆ, ಹೋಗೋ ಆ ಒಂದು ಸಾಲು ಯಾರದೋ 15 ಕೆಜಿ ಬಾಕ್ಸ್‌ಗಳ ಎಂಟ್ರಿ ಆಗಿದ್ರೆ? ಮಂಡಿ ಲೆಕ್ಕಕ್ಕೆ ನಾನಂತೂ ಅದು ಬೇಡ ಅಂತೀನಿ.

1.1.1 ಬರ್ತಿರೋದು ಕಾನ್ಫಿಗ್‌ನಲ್ಲಿ ಹೆಸರಿನ ಕೊನೇಲೂ ಸ್ಟಾರ್ (ಮುಂದೆ ಏನಿದ್ರೂ ಸರಿ ಅನ್ನೋ ಗುರುತು) ಹಾಕಿರೋದ್ರಿಂದ, ರೊಟೇಟ್ ಆದ ಫೈಲೇ ಮತ್ತೆ ಸಿಕ್ಕಿ ಮತ್ತೆ ರೊಟೇಟ್ ಆಗ್ತಿದೆ. ಕೊನೇ ಸ್ಟಾರ್ ತೆಗೀರಿ, ಡೇಟ್‌ಎಕ್ಸ್‌ಟ್ ಸೇರಿಸಿ, ಆಗ ನಂಬರ್ ಬದ್ಲು 20250715 ಥರ ವರ್ಷ ತಿಂಗಳು ದಿನ ಬರತ್ತೆ, ಸಾಲಾಗಿ ಜೋಡಿಸಿದ್ರೂ ತಾರೀಕಿನ ಪ್ರಕಾರವೇ ನಿಲ್ಲತ್ತೆ. ಆದ್ರೆ ಮಧ್ಯರಾತ್ರಿ ದಾಟಿ ರೊಟೇಟ್ ಆಗೋದ್ರಿಂದ ನಿನ್ನೆಯ ಸಾಲುಗಳಿಗೆ ಇವತ್ತಿನ ತಾರೀಕು ಬೀಳತ್ತೆ, ಅದಕ್ಕೆ ಡೇಟ್‌ಯಸ್ಟರ್‌ಡೇ ಅಂತಾನೂ ಹಾಕಿ. ಹಂಗೇ ಸರ್ವರ್ ಗಡಿಯಾರ ಯುಟಿಸಿಲಿ, ಅಂದ್ರೆ ಜಾಗತಿಕ ಸಮಯದಲ್ಲಿ ಇದೆಯಾ ನೋಡಿ. ಇದ್ರೆ ಅದರ ಮಧ್ಯರಾತ್ರಿ ಅಂದ್ರೆ ನಮಗೆ ಬೆಳಿಗ್ಗೆ 5:30, ಸೋ 15ನೇ ತಾರೀಕು ಬೆಳಿಗ್ಗೆ 5ಕ್ಕೆ ಇಳಿಸ್ಕೊಂಡ ಲೋಡು 14ರ ಫೈಲಲ್ಲಿ ಕೂತಿರತ್ತೆ, ರೈತರು ಹೇಳೋ ತಾರೀಕಲ್ಲಿ ಹುಡುಕಿದ್ರೆ ಸಿಗೋದೇ ಇಲ್ಲ. ಟೈಮ್‌ಝೋನ್ ಏಷ್ಯಾ ಕೋಲ್ಕತಾ ಮಾಡಿ. ಬದಲಾವಣೆ ಆದ್ಮೇಲೆ ಲಾಗ್‌ರೊಟೇಟಿಗೆ ಮೈನಸ್ ಡಿ ಕೊಟ್ಟು ನೋಡಿ, ಏನೂ ಮುಟ್ಟದೇ ಏನು ಮಾಡ್ತೀನಿ ಅಂತ ಮಾತ್ರ ತೋರಿಸತ್ತೆ.

ಪ್ರಶ್ನೆ: ಪೈಥಾನ್‌ನಲ್ಲಿ ಲಾಗ್ ಫೈಲ್ ತಾನೇ ಬದಲಾಯಿಸೋ ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್‌ಗೆ ಮ್ಯಾಕ್ಸ್‌ಬೈಟ್ಸ್ (ಫೈಲಿನ ಗರಿಷ್ಠ ಗಾತ್ರ) ಕೊಟ್ಟಿದೀನಿ ಸರ್, ಆದ್ರೂ ಒಂದೇ ಫೈಲ್ ಬೆಳೀತಿದೆ, ಎರರ್ ಕೂಡ ಬರ್ತಿಲ್ಲ.
— ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಉತ್ತರ: ಬ್ಯಾಕಪ್‌ಕೌಂಟ್, ಅಂದ್ರೆ ಎಷ್ಟು ಹಳೇ ಫೈಲ್ ಇಟ್ಕೋಬೇಕು ಅನ್ನೋದು, ಕೊಟ್ಟಿಲ್ಲ ಅನ್ಸತ್ತಮ್ಮ. ಕೊಡದಿದ್ರೆ ಅದು ಸೊನ್ನೆ, ಮ್ಯಾಕ್ಸ್‌ಬೈಟ್ಸ್, ಬ್ಯಾಕಪ್‌ಕೌಂಟ್ ಎರಡರಲ್ಲಿ ಯಾವ್ದು ಸೊನ್ನೆ ಇದ್ರೂ ರೊಟೇಟ್ ಆಗೋದೇ ಇಲ್ಲ. 5 ಅಂತ ಕೊಟ್ಟು ನೋಡು, ಹೊಸದು ಬಂದಂಗೆಲ್ಲ ಹಳೇದು .1ರಿಂದ .5ರವರೆಗೂ ಸರೀತಾ ಹೋಗತ್ತೆ, ಅದಕ್ಕಿಂತ ಹಳೇದು ಹೋಗ್ಬಿಡತ್ತೆ.